ತೊಲೆಗೆ ಕಟ್ಟಿದ ಸೈಕಲ್ಲು

ಮುಳಬಾಗಿಲಿನ ಚನ್ನರಾಯಪ್ಪ ಮೇಷ್ಟ್ರಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ತಮ್ಮ ಕಾಲುಗಳ ಮೇಲೆ ಇತ್ತು, ಅದೂ ಬೇರೆ ಗತಿಯಿಲ್ಲದೆ. ಸರ್ಕಾರ ಅವರಿಗೆ ದಯಪಾಲಿಸಿದ್ದ ಶಾಲೆ ಊರಿನಿಂದ ಐದು ಮೈಲಿ ದೂರದ ಹಳ್ಳಿಯಲ್ಲಿತ್ತು. ಹದಿನೆಂಟು ರೂಪಾಯಿ ಸಂಬಳದಲ್ಲಿ ಎಂಟು ಪಾಠಕ್ಕೆ, ಹತ್ತು ನಡಿಗೆಗೆ ಎಂದು ಅವರು ಹೇಳುತ್ತಿದ್ದರು. ನಡೆಯುವುದಕ್ಕೆ ಅವರೇನೂ ಅಂಜುವವರಲ್ಲ. (ದೇಶಕ್ಕಾಗಿ ನಡೆದವರ ವಿಷಯವನ್ನು ಕಾಫಿ ಹೋಟೆಲಿನ ಬೆಂಚಿನ ಮೇಲೆ ಕೂತು ಎರಡು ಗಂಟೆ ಹೇಳಬಲ್ಲವರು. ಲಾಠಿ ಬೀಸುವ ದಿನ ಮಾತ್ರ ಅವರಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು.) ಆದರೆ ಮೂವತ್ತೆಂಟನೇ ಇಸವಿಯ ಒಂದು ಸೋಮವಾರ, ಅದೇ ರಸ್ತೆಯಲ್ಲಿ, ಬೆನ್ನ ಹಿಂದೆ ಗಂಟೆ ಬಾರಿಸಿಕೊಂಡು ಆ ಹಳ್ಳಿಯ ಪಟೇಲರ ಮಗ ಸೈಕಲ್ಲಿನ ಮೇಲೆ ಬಂದ. ಮೂರನೇ ಕ್ಲಾಸಿನಲ್ಲಿ ಮೂರು ವರ್ಷ ಕೂತು, ಹದಿನೇಳರ ಮಗ್ಗಿಗೆ ಹೆದರಿ ಶಾಲೆ ಬಿಟ್ಟ ಆಸಾಮಿ.

"ಮೇಷ್ಟ್ರೇ, ಒಂಚೂರು ಪಕ್ಕಕ್ಕೆ" ಎಂದ. ಮೇಷ್ಟ್ರು ಪಕ್ಕಕ್ಕೆ ಸರಿದರು. ಅವರ ಮುಖಕ್ಕೆ ಅರ್ಧ ಸೇರು ಧೂಳು ಎರಚಿ ಅವನು ಮುಂದೆ ಹೋದ.

ಆ ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿಕೊಳ್ಳುತ್ತಲೇ ಮೇಷ್ಟ್ರು ಸೈಕಲ್ ಕೊಳ್ಳುವ ಮಹಾಸಂಕಲ್ಪ ಮಾಡಿದರು.

ಊರಿನಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದವನು ಮುನಿರಾಮಪ್ಪ. ಬಾಡಿಗೆಗೆ ಓಡಾಡಿ ಸುಸ್ತಾದ ಸೈಕಲ್ಲುಗಳನ್ನು ಬಣ್ಣ ಬಳಿದು ಮಾರುವುದು ಅವನ ಇನ್ನೊಂದು ಕಸುಬು. "ಮೂವತ್ತು ರೂಪಾಯಿ ಕೂಡಿಸ್ಕೊಂಡು ಬನ್ನಿ ಮೇಷ್ಟ್ರೇ. ಯಾವಾಗ ಬಂದರೂ ಒಂದು ಇರುತ್ತೆ" ಎಂದ. ಮೂವತ್ತು ರೂಪಾಯಿ ಎಂದರೆ ನಾನೂರ ಎಂಬತ್ತು ಆಣೆ. ದಿನಕ್ಕೊಂದಾಣೆಯಂತೆ ಹದಿನಾರು ತಿಂಗಳು. ಈ ಲೆಕ್ಕ ಮೇಷ್ಟ್ರಿಗೆ ಎಷ್ಟು ಹಿಡಿಸಿತೆಂದರೆ, ಅವತ್ತೇ ಸಂಜೆ ಹೋಟೆಲಿನಲ್ಲಿ ಅದರ ಮೇಲೆ ಉಪನ್ಯಾಸ ಕೊಟ್ಟರು. ಒಟ್ಟಿಗೆ ಮೂವತ್ತು ರೂಪಾಯಿ ಕಿತ್ತರೆ ಮನುಷ್ಯನಿಗೆ ನೋವಾಗುತ್ತದೆ, ದಿನಕ್ಕೊಂದಾಣೆ ಕಿತ್ತರೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ, ನಮ್ಮ ಜನ ಬಡವರಾಗಿರುವುದು ಇಷ್ಟು ಸರಳ ವಿಷಯ ತಿಳಿಯದೆ, ಇತ್ಯಾದಿ. ಉಪನ್ಯಾಸ ಮುಗಿಯುವಷ್ಟರಲ್ಲಿ ಎರಡು ಕಾಫಿ ಆಗಿತ್ತು. ಆ ದಿನದ ಆಣೆ ಅದಕ್ಕೇ ಹೋಯಿತು.

ಮೊದಲು ಅವರು ಮಣ್ಣಿನ ಕುಡಿಕೆ ತಂದರು. ಬಾಯಿ ಮುಚ್ಚಿದ, ಕಾಸು ಹೋಗುವಷ್ಟೇ ಸೀಳಿದ್ದ ಕುಡಿಕೆ. ಹತ್ತೊಂಬತ್ತು ದಿನ ಅದು ತುಂಬಿತು. ಇಪ್ಪತ್ತನೇ ದಿನದಿಂದ ಮೇಷ್ಟ್ರು ಪೊರಕೆಕಡ್ಡಿ ತೂರಿಸಿ ಕಾಫಿಗೆಂದು ಒಂದೊಂದೇ ಆಣೆ ಹೊರಗೆ ಎಳೆಯುವ ವಿದ್ಯೆ ಕಲಿತರು. ಆಮೇಲೆ ಒಂದು ತಗಡಿನ ಡಬ್ಬಿಯನ್ನು ರಾಗಿ ಗುಡಾಣದ ತಳದಲ್ಲಿ ಹೂತರು. ಹೆಂಡತಿ ಬೀಸಲು ರಾಗಿ ತೆಗೆಯುವಾಗ ಅದು ಕೈಗೆ ಸಿಕ್ಕಿತು. "ಗುಡಾಣದಲ್ಲಿ ಕಾಸು ಬೆಳೆದಿತ್ತು. ಎಣ್ಣೆ, ಬೆಲ್ಲ ತಂದೆ" ಎಂದಳು. ಮೂರನೆಯ ಸಲ ಶಾಲೆಯ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಇದ್ದದ್ದು ಅವರ ಜೇಬಿನಲ್ಲೇ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಮನೆಯಲ್ಲಿ ಯಾರಿಗೂ ಭಯವೆಂಬುದಿಲ್ಲ, ಅದೇ ಮೂಲ ರೋಗ ಎಂದು ಮೇಷ್ಟ್ರು ತೀರ್ಮಾನಿಸಿದರು. ಆ 'ಯಾರಿಗೂ' ಎಂಬುದರಲ್ಲಿ ತಮ್ಮನ್ನು ಸೇರಿಸಿಕೊಳ್ಳಲಿಲ್ಲ.

ಹೆಂಡತಿ ವೆಂಕಟರತ್ನಮ್ಮ ರಾಯಲ್ಪಾಡಿನ ಕಡೆಯವಳು. ಸಮಾಧಾನವಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಹಾಗಾಗಿ ಆ ಮನೆಯಲ್ಲಿ ತೆಲುಗೇ ಜಾಸ್ತಿ. ಮದುವೆಯಾದ ಹನ್ನೊಂದು ವರ್ಷದಿಂದ ಅವಳದು ಒಂದೇ ಬೇಡಿಕೆ, ಒಂದು ಸಲ ತಿರುಪತಿ ಬೆಟ್ಟ ಹತ್ತಿಸಿ ಅಂತ. ಮೇಷ್ಟ್ರು ವರ್ಷವರ್ಷವೂ ಅವಳಿಗೆ ಬೆಟ್ಟದ ಬದಲು ಭಾಷಣ ಕೊಡುತ್ತಿದ್ದರು. ಕಲ್ಲು, ಪೂಜಾರಿ, ಮೌಢ್ಯ, ಬ್ರಿಟಿಷರು, ನಾಲ್ಕೂ ಅದರಲ್ಲಿ ಬರುತ್ತಿದ್ದವು. ಕಟ್ಟಕಡೆಗೆ "ಅದೂ ಅಲ್ಲದೆ ದುಡ್ಡೆಲ್ಲಿದೆ" ಎಂಬ ಒಂದು ಮಾತು. ಇರುವ ವಿಷಯ ಅದೊಂದೇ; ಉಳಿದದ್ದೆಲ್ಲ ಅದರ ಮೇಲೆ ಹಾಕಿದ ಚಪ್ಪರ.

ಮುಳಬಾಗಿಲು ಬೆಟ್ಟಕ್ಕೆ ಹೋಗುವವರ ದಾರಿ. ನರಸಿಂಹತೀರ್ಥದಲ್ಲಿ ಮುಳುಗಿ ಎದ್ದು, ಹಳದಿ ಬಟ್ಟೆಯ ಗಂಟು ಕತ್ತಿಗೆ ಕಟ್ಟಿಕೊಂಡು, ಗೋವಿಂದ ಅನ್ನುತ್ತ ನಡೆಯುವ ಜನ ವರ್ಷವಿಡೀ ಇರುತ್ತಾರೆ. ಒಂದು ದಿನ ಶಾಲೆಯಿಂದ ಬರುವಾಗ ಅಂಥ ಒಂದು ಗುಂಪು ಬೇವಿನ ಮರದ ಕೆಳಗೆ ಕೂತು ಒಣರೊಟ್ಟಿ ನೀರಿಗೆ ಅದ್ದಿಕೊಂಡು ತಿನ್ನುತ್ತಿತ್ತು. ಮುದುಕನೊಬ್ಬನ ಕೊರಳಿನ ಗಂಟು ಬೆಳ್ಳಿ ರೂಪಾಯಿಯ ಭಾರಕ್ಕೆ ಜೋತುಬಿದ್ದಿತ್ತು.

"ಅಷ್ಟು ದುಡ್ಡಿಟ್ಕೊಂಡು ಒಣರೊಟ್ಟಿ ಯಾಕಯ್ಯ ತಿಂತೀರ?" ಎಂದರು ಮೇಷ್ಟ್ರು.

ಮುದುಕ ಅವರನ್ನು ಮೇಲಿನಿಂದ ಕೆಳಕ್ಕೆ ನೋಡಿದ. "ಅದು ನಮ್ದಲ್ಲವಲ್ಲ ಸ್ವಾಮಿ."

ಉಳಿದ ಎರಡು ಮೈಲಿಯನ್ನು ಮೇಷ್ಟ್ರು ನಡೆಯಲಿಲ್ಲ, ಹಾರಿದರು. ಎಂಥ ಬೀಗ. ಅದು ನಮ್ಮದಲ್ಲ ಎಂಬ ಒಂದು ಮಾತಿಗಿಂತ ಭದ್ರವಾದ ತಿಜೋರಿ ಯಾವ ಬ್ಯಾಂಕಿನಲ್ಲಿದೆ? ಹಿಂದಿನ ಬೀದಿಯಲ್ಲಿ ಕಳ್ಳರು ಬಿದ್ದು ತಪ್ಪಲೆ, ಚೊಂಬು, ಕಡೆಗೆ ಒಣಹಾಕಿದ್ದ ಸೀರೆಯನ್ನೂ ಹೊತ್ತುಕೊಂಡು ಹೋದಾಗ ತೊಲೆಗೆ ನೇತುಹಾಕಿದ್ದ ಮುಡುಪನ್ನು ಮುಟ್ಟಿರಲಿಲ್ಲ. ಸೈಕಲ್ಲಿನ ದುಡ್ಡನ್ನು ತಿಮ್ಮಪ್ಪನ ಹೆಸರಲ್ಲಿ ಕಟ್ಟಿಬಿಟ್ಟರೆ? ಮೌಢ್ಯವನ್ನು ಬುಡಸಮೇತ ಕೀಳಬೇಕು, ಸರಿ. ಕೀಳುವವರೆಗೆ ಅದರಿಂದ ಹದಿನಾರು ತಿಂಗಳು ಮನೆ ಕಾಯಿಸಿಕೊಂಡರೆ ತಪ್ಪೇನು?

ಶನಿವಾರ ಬೆಳಿಗ್ಗೆ ಮೇಷ್ಟ್ರು ತಲೆಗೆ ನೀರು ಹುಯ್ದುಕೊಂಡು, ಒದ್ದೆ ಪಂಚೆಯಲ್ಲಿ, ಹಣೆಗೆ ನಾಮ ಎಳೆದುಕೊಂಡು ನಡುಮನೆಗೆ ಬಂದರು. ಕೈಯಲ್ಲಿ ಅರಿಶಿನದಲ್ಲಿ ಅದ್ದಿದ ಬಟ್ಟೆ, ಅದರಲ್ಲಿ ಒಂದಾಣೆ. ತಾಯಿ ದೊಡ್ಡಗಂಗಮ್ಮ ಊರುಗೋಲು ಹಿಡಿದು ಎದ್ದು ನಿಂತಳು. ನಲವತ್ತು ವರ್ಷದ ಮಗ ದೇವರಿಗೆ ಕೈಮುಗಿದದ್ದನ್ನು ಅವಳು ಕಂಡದ್ದು ಇದೇ ಮೊದಲು.

"ಏನ್ಲಾ ಚನ್ನ, ಮೈ ಹುಷಾರಾಗೈತಾ?"

"ಹರಕೆ ಕಣಮ್ಮ. ಮುಡುಪು ಕಟ್ತಾ ಇದೀನಿ."

"ಯಾತಕ್ಕಪ್ಪ ಹರಕೆ?"

"ಹೇಳಬಾರದಮ್ಮ. ಹೇಳಿದ್ರೆ ಫಲ ಇಲ್ಲ."

ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವೆಂಕಟರತ್ನಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಬಾಗಿಲಿಗೆ ಒರಗಿ, ಗಂಡನ ಮುಖವನ್ನು ಹಾಲುಕ್ಕುವಷ್ಟು ಹೊತ್ತು ನೋಡಿದಳು. (ಹಾಲು ನಿಜವಾಗಿಯೂ ಉಕ್ಕಿತು.) ಆಮೇಲೆ "ಒಳ್ಳೇದು" ಎಂದು ಒಳಗೆ ಹೋದಳು.

ಆ ದಿನದಿಂದ ತೊಲೆಯ ಬ್ಯಾಂಕು ಶುರುವಾಯಿತು. ಅದ್ಭುತವಾಗಿ ನಡೆಯಿತು. ದಿನವೂ ಬೆಳಿಗ್ಗೆ ಒರಳುಕಲ್ಲಿನ ಮೇಲೆ ಹತ್ತಿ ಮೇಷ್ಟ್ರು ಒಂದಾಣೆ ಹಾಕುವರು. ಹಾಕಿದ್ದು ಹಾಕಿದಂತೆಯೇ ಇರುವುದು. ಮನೆಯಲ್ಲಿ ಎಣ್ಣೆ ಮುಗಿದರೂ ಯಾರೂ ಮೇಲೆ ನೋಡಲಿಲ್ಲ. ಒಂದು ಸಂಜೆ ಕಾಫಿಯ ಸೆಳೆತ ತಡೆಯಲಾರದೆ ಮೇಷ್ಟ್ರೇ ಒರಳುಕಲ್ಲು ಹತ್ತಿದರೆ, ಮೂಲೆಯಿಂದ ತಾಯಿ "ಈವೊತ್ತಿಂದು ಬೆಳಿಗ್ಗೇನೇ ಹಾಕಿದ್ಯಲ್ಲೋ, ಇಳಿಯೋ" ಎಂದು ಊರುಗೋಲು ಎತ್ತಿದಳು. ಇಳಿದ ಮೇಷ್ಟ್ರಿಗೆ ಅವಮಾನಕ್ಕಿಂತ ಆನಂದವೇ ಹೆಚ್ಚಾಯಿತು. ಪುಕ್ಕಟೆ ಕಾವಲು.

ಆದರೆ ಕಾವಲಿನ ಜೊತೆಗೆ ಕಟ್ಟಳೆಗಳೂ ಬಂದವು. ಮೊದಲ ವಾರವೇ ದೊಡ್ಡಗಂಗಮ್ಮ ಹೇಳಿದಳು: "ಮುಡುಪು ಕಟ್ಟಿದ ಮನೇಲಿ ಬಾಡು ಬೇಯಬಾರದು ಕಣಪ್ಪ. ಬೆಟ್ಟಕ್ಕೆ ಹೋಗಿ ಬರೋಗಂಟ."

ಭಾನುವಾರದ ಬಾಡು ಎಂದರೆ ಮೇಷ್ಟ್ರ ವಾರದ ಏಕೈಕ ಮೋಕ್ಷ. "ಇದು ಯಾವ ಶಾಸ್ತ್ರದಲ್ಲಿದೆಯಮ್ಮ?" ಎಂದರು.

"ನನ್ನ ಶಾಸ್ತ್ರದಲ್ಲೈತೆ." ದೊಡ್ಡಗಂಗಮ್ಮನಿಗೆ ಹಲ್ಲಿರಲಿಲ್ಲ. ಅವಳಿಗೆ ಈ ತ್ಯಾಗ ಸುಲಭ.

ಎರಡನೇ ವಾರ ಕ್ಷೌರದವನು ಬಾಗಿಲಿಗೆ ಬಂದಾಗ ಅವಳೇ ವಾಪಸು ಕಳಿಸಿದಳು. ಕೂದಲು ಇನ್ನು ಸ್ವಾಮಿಯದು, ಅಲ್ಲಿಯೇ ಕೊಡಬೇಕು. ಮೇಷ್ಟ್ರು ತೊಲೆಯ ಕಡೆ ನೋಡಿದರು, ಕೈಗೆ ಬರುವ ಸೈಕಲ್ಲನ್ನು ನೆನೆದು ಹಲ್ಲು ಕಚ್ಚಿದರು. ಮೂರು ತಿಂಗಳಲ್ಲಿ ಗಡ್ಡ ಎದೆ ಮುಟ್ಟಿತು. ಆರು ತಿಂಗಳಲ್ಲಿ ಅವರನ್ನು ಕಂಡ ಹಳ್ಳಿಯ ನಾಯಿಗಳು ಬೊಗಳುವುದನ್ನು ಬಿಟ್ಟು ಎದ್ದು ದಾರಿ ಕೊಡತೊಡಗಿದವು. ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗದ ಉಳಿತಾಯ ಎಂದರೆ ಇದು: ಕಾಫಿ ಇಲ್ಲ, ಬಾಡು ಇಲ್ಲ, ಶನಿವಾರ ಊಟವಿಲ್ಲ, ತಲೆಯಲ್ಲಿ ಹೇನು.

ಶಾಲೆಗೆ ಇನ್‌ಸ್ಪೆಕ್ಟರ್ ಬಂದರು. ಬಾಗಿಲಲ್ಲಿ ನಿಂತ ಜಟಾಧಾರಿಯನ್ನು ನೋಡಿ "ಇಲ್ಲಿಯ ಮೇಷ್ಟ್ರು ಎಲ್ಲಿ?" ಎಂದು ಕೇಳಿದರು.

"ನಾನೇ ಸ್ವಾಮಿ. ಹರಕೆ, ತಿರುಪತಿದು."

ಇನ್‌ಸ್ಪೆಕ್ಟರ ಗಂಟುಮುಖ ಬಿಚ್ಚಿಕೊಂಡಿತು. ಮಗ್ಗಿ ಕೇಳುವುದನ್ನೂ ಮರೆತು, ಜೇಬಿನಿಂದ ನಾಲ್ಕಾಣೆ ತೆಗೆದು "ನನ್ನದೂ ಹಾಕಿಬಿಡಿ ಮೇಷ್ಟ್ರೇ, ನನ್ನ ವರ್ಗಾವಣೆ ವಿಷಯ ಸ್ವಾಮಿಗೆ ಹೇಳಿ" ಎಂದರು. ಬೇಡ ಎನ್ನುವುದು ಹೇಗೆ? ಮೇಲಧಿಕಾರಿ. ನಾಲ್ಕಾಣೆ ತೊಲೆಗೇರಿತು.

ಈ ಸುದ್ದಿ ಹೇಗೋ ಬೀದಿಗೆ ಬಂತು. ಎದುರು ಮನೆಯ ಆಂಜಿನಮ್ಮ ತನ್ನ ಎಮ್ಮೆ ಗಬ್ಬ ನಿಲ್ಲಲೆಂದು ಎರಡಾಣೆ ತಂದಳು. ಅವಳ ಹಿಂದೆ ಹಲ್ಲುನೋವಿನವರು, ಕೋರ್ಟು ವ್ಯಾಜ್ಯದವರು, ಅಳಿಯ ಓಡಿಹೋದವರು ಎಲ್ಲ ಬಂದರು. "ಹೆಂಗೂ ಹೋಗ್ತೀರಲ್ಲ ಮೇಷ್ಟ್ರೇ" ಎಂಬುದೊಂದೇ ಎಲ್ಲರ ಮಾತು. ಮೊದಮೊದಲು ಮೇಷ್ಟ್ರಿಗೆ ಕಸಿವಿಸಿಯಾಯಿತು. ಆಮೇಲೆ, ಯಾರಾದರೂ ನಿಜವಾಗಿ ಬೆಟ್ಟಕ್ಕೆ ಹೋಗುವವರ ಕೈಲಿ ಇವರದನ್ನು ಕಳಿಸಿದರಾಯಿತು ಎಂದುಕೊಂಡರು. ಇನ್ನೂ ಸ್ವಲ್ಪ ದಿನ ಕಳೆದ ಮೇಲೆ, ಬ್ಯಾಂಕು ಎಂದ ಮೇಲೆ ಬಡ್ಡಿ ಇರುವುದೇ ಎಂದುಕೊಂಡರು. ಮನುಷ್ಯನ ಪ್ರಾಮಾಣಿಕತೆಯೂ ದಿನಕ್ಕೊಂದಾಣೆಯಂತೆಯೇ ಖರ್ಚಾಗುವುದು, ಗೊತ್ತೇ ಆಗುವುದಿಲ್ಲ.

ವೆಂಕಟರತ್ನಮ್ಮ ಮಾತ್ರ ಹುಣ್ಣಿಮೆಗೊಂದು ಸಲ ಕೇಳುತ್ತಿದ್ದಳು. "ಯಾವಾಗ ಹೊರಡೋದು?"

"ತುಂಬಲಿ ಕಣೇ, ಅವಸರ ಏನು."

"ನನಗೇನೂ ಅವಸರ ಇಲ್ಲ" ಎನ್ನುತ್ತಿದ್ದಳು.

ಹದಿನಾರು ತಿಂಗಳು ತುಂಬಿದ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮೇಷ್ಟ್ರು ನೆಟ್ಟಗೆ ಸೈಕಲ್ ಅಂಗಡಿಗೆ ಹೋದರು. ಹಸಿರು ಬಣ್ಣ ಬಳಿದ ಒಂದು ಸೈಕಲ್ಲು ಸಿದ್ಧವಾಗಿತ್ತು. ಮುನಿರಾಮಪ್ಪನೇ ಅದನ್ನು ತಳ್ಳಿಕೊಂಡು ಅವರ ಮನೆ ಬಾಗಿಲಿಗೆ ತಂದು ನಿಲ್ಲಿಸಿದ. ಮೇಷ್ಟ್ರು ಅದರ ಸೀಟನ್ನು ಒಮ್ಮೆ ಸವರಿ, "ಒಂದು ನಿಮಿಷ ತಡಿ" ಎಂದು ಒಳಗೆ ಹೋಗಿ ಒರಳುಕಲ್ಲು ಹತ್ತಿದರು.

"ಏನ್ ಮಾಡ್ತಿದೀರಾ?" ವೆಂಕಟರತ್ನಮ್ಮ ಬಂದಳು.

ಮೇಷ್ಟ್ರು ದಾರಿಯುದ್ದಕ್ಕೂ ಒಪ್ಪ ಮಾಡಿಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದರು. "ಕನಸಲ್ಲಿ ಸ್ವಾಮಿ ಬಂದಿದ್ದ ಕಣೇ. ನೀನು ನಡೆದು ನಡೆದು ಸವೆದಿದೀಯ, ಈ ದುಡ್ಡಲ್ಲಿ ಸೈಕಲ್ ತಗೋ, ನನಗೆ ಆಮೇಲೆ ಕೊಟ್ಟರಾಯ್ತು ಅಂದ."

"ಯಾವ ಭಾಷೇಲಿ ಅಂದ?"

"ಕನ್ನಡದಲ್ಲಿ. ಇನ್ಯಾವ ಭಾಷೇಲಿ?"

"ಏಡುಕೊಂಡಲವಾಡು ತೆಲುಗು ಬಿಟ್ಟು ಕನ್ನಡದಲ್ಲಿ ಯಾಕೆ ಮಾತಾಡ್ತಾನೆ? ಯಾವನೋ ಬೇರೆಯೋನು ಬಂದಿರಬೇಕು ನಿಮ್ಮ ಕನಸಿಗೆ."

"ಹಂಗನ್ಬೇಡ್ವೇ, ಸ್ವಾಮಿಗೆ ಎಲ್ಲಾ ಭಾಷೇನೂ ಬರ್ತದೆ" ಎಂದಳು ದೊಡ್ಡಗಂಗಮ್ಮ ಮೂಲೆಯಿಂದ. ಮೇಷ್ಟ್ರ ಮುಖ ಅರಳುವಷ್ಟರಲ್ಲಿ ಅವಳೇ ಮುಂದುವರಿಸಿದಳು: "ಆದ್ರೆ ಕೊಟ್ಟಿದ್ದನ್ನ ವಾಪಸು ತಗೋ ಅನ್ನೋ ಜಾತಿ ಅಲ್ಲ ಆವಯ್ಯ. ಬಡ್ಡಿ ಕೇಳ್ತಾನೆ ಬೇಕಾದ್ರೆ."

ಮೇಷ್ಟ್ರಿಗೆ ರೇಗಿತು. ರೇಗಿದಾಗ ಅವರು ನಿಜ ಹೇಳುವುದುಂಟು. ಒರಳುಕಲ್ಲಿನ ಮೇಲೆ ನಿಂತೇ ಹೇಳಿಬಿಟ್ಟರು: ಹರಕೆಯೂ ಇಲ್ಲ, ಮಣ್ಣೂ ಇಲ್ಲ, ನೀವೆಲ್ಲ ಕೈ ಹಾಕಬಾರದೆಂದು ಆ ಬಟ್ಟೆ ಕಟ್ಟಿದ್ದು, ಇದು ಮೊದಲ ದಿನದಿಂದಲೂ ಸೈಕಲ್ಲಿನ ದುಡ್ಡು. ದನಿ ಏರಿದ್ದು ಕೇಳಿ ಆಂಜಿನಮ್ಮ ಬಂದಳು. ಅವಳ ಹಿಂದೆ ಅರ್ಧ ಬೀದಿ ಬಂತು.

ಜನ ಕಲ್ಲು ತೂರಬಹುದು ಎಂದು ಮೇಷ್ಟ್ರು ಹೆದರಿದ್ದರು. ತೂರಿದ್ದರೆ ಚೆನ್ನಾಗಿತ್ತು. ಅವರ ಮಾತನ್ನು ಒಬ್ಬರೂ ನಂಬಲಿಲ್ಲ.

"ಅಯ್ಯೋ ಪಾಪ" ಎಂದಳು ಆಂಜಿನಮ್ಮ. "ಹರಕೆ ತೀರಿಸೋಕೆ ತಡ ಮಾಡಿದ್ರೆ ಹಿಂಗೇ ಬುದ್ಧಿ ತಿರುಗೋದು. ನಮ್ಮ ಚಿಕ್ಕಪ್ಪನಿಗೂ ಹಿಂಗೇ ಆಗಿತ್ತು."

"ನನಗೆ ಏನೂ ಆಗಿಲ್ಲ ಆಂಜಿನಮ್ಮ. ನಾನು ಸುಳ್ಳು ಹೇಳಿದ್ದೆ."

"ಸುಳ್ಳು ಹರಕೆಗೆ ನನ್ನ ಎಮ್ಮೆ ಕರು ಹಾಕ್ತದಾ ಮೇಷ್ಟ್ರೇ? ಹೆಣ್ಗರು."

ಇದಕ್ಕೆ ಮೇಷ್ಟ್ರ ವಿಜ್ಞಾನದಲ್ಲಿ ಉತ್ತರವಿತ್ತು, ಕೋಣದ ಹೆಸರಿನ ಸಮೇತ. ಹೆಂಗಸರ ಮುಂದೆ ಹೇಳುವಂತಿರಲಿಲ್ಲ. ಬಾಗಿಲಿಗೆ ಬಂದು "ಮುನಿರಾಮಪ್ಪ, ನೀನಾದ್ರೂ ಹೇಳು, ನಾನು ಕೂಡಿಸಿದ್ದು ಇದಕ್ಕೇ ಅಲ್ವಾ?" ಎಂದರು.

ಮುನಿರಾಮಪ್ಪ ಸೈಕಲ್ಲನ್ನು ಆಗಲೇ ಹಿಂದಕ್ಕೆ ತಿರುಗಿಸಿದ್ದ. "ಮುಡುಪಿನ ದುಡ್ಡು ಅಂತ ನೀವು ಹೇಳಿರಲಿಲ್ಲ ಸ್ವಾಮಿ. ನನಗೆ ಬೇಡ, ನನಗೂ ಹೆಂಡ್ರು ಮಕ್ಕಳು ಅವ್ರೆ." ನಾಲ್ಕು ಹೆಜ್ಜೆ ಹೋದವನು ನಿಂತು, ಜೇಬು ತಡಕಿ, ಒಂದಾಣೆ ತೆಗೆದು ಆಂಜಿನಮ್ಮನ ಕೈಲಿಟ್ಟ. "ನಂದೂ ಒಂದು ಸೇರಿಸಿಬಿಡ್ರಮ್ಮ. ತಪ್ಪು ಕಾಣಿಕೆ."

ಹಸಿರು ಸೈಕಲ್ಲು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಮೇಷ್ಟ್ರು ನೋಡಿದರು. ಉಳಿದದ್ದು ಒಂದೇ ಅಸ್ತ್ರ. ಹನ್ನೊಂದು ವರ್ಷ ಸೋಲದ ಅಸ್ತ್ರ.

"ಸರಿ, ಹೋಗೋಣ. ಆದರೆ ಮುಡುಪನ್ನ ಬಿಚ್ಚೋ ಹಂಗಿಲ್ಲ. ಬಸ್ಸಿಗೆ, ರೈಲಿಗೆ, ಊಟಕ್ಕೆ ದುಡ್ಡೆಲ್ಲಿದೆ?"

"ಅದು ನಾನು ನೋಡ್ಕೋತೀನಿ" ಎಂದಳು ವೆಂಕಟರತ್ನಮ್ಮ.

ಸೋಮವಾರದ ಚಿತ್ತೂರು ಬಸ್ಸಿನಲ್ಲಿ ಮೂವರೂ ಹೊರಟರು. ಬೀದಿಯವರು ಮೇಷ್ಟ್ರ ಕಾಲಿಗೆ ನೀರು ಹುಯ್ದು ಕಳಿಸಿದರು. ಬೆಟ್ಟದ ಮೆಟ್ಟಿಲು ಹತ್ತುವಾಗ ದೊಡ್ಡಗಂಗಮ್ಮ ಮುಂದೆ, ವೆಂಕಟರತ್ನಮ್ಮ ನಡುವೆ, ವಿಚಾರವಾದಿಗಳು ಮುಡುಪು ಹೊತ್ತುಕೊಂಡು ಏದುಸಿರು ಬಿಡುತ್ತ ಎಲ್ಲರಿಗಿಂತ ಹಿಂದೆ. ಮೇಲೆ ಕ್ಷೌರದವನು ಹದಿನಾರು ತಿಂಗಳ ಬೆಳೆಯನ್ನು ಎರಡು ನಿಮಿಷದಲ್ಲಿ ಕೊಯ್ದ. ಹುಂಡಿಯ ಮುಂದೆ ಗಂಟು ಬಿಚ್ಚಿ ಸುರಿಯುವಾಗ, ದಿನಕ್ಕೊಂದರಂತೆ ಹಾಕಿದ್ದು ಒಂದೇ ಸಲ ಝಣ್ ಎಂದು ಹೋಯಿತು. ಸೊಳ್ಳೆ ಕಚ್ಚಿದಂತಿರಲಿಲ್ಲ, ಹಲ್ಲು ಕಿತ್ತಂತಿತ್ತು.

ಇಳಿಯುವ ದಾರಿಯಲ್ಲಿ ದೊಡ್ಡಗಂಗಮ್ಮ ಒಂದು ಮಂಟಪದಲ್ಲಿ ಅಡ್ಡಾದಳು. ಗಂಡ ಹೆಂಡತಿ ಮೆಟ್ಟಿಲ ಮೇಲೆ ಕೂತರು. ವೆಂಕಟರತ್ನಮ್ಮ ದೊನ್ನೆಯ ಪುಳಿಯೋಗರೆಯನ್ನು ಒಂದೊಂದೇ ತುತ್ತಾಗಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. ಮೇಷ್ಟ್ರ ಬೋಳುತಲೆ ಬಿಸಿಲಿಗೆ ಹಂಚಿನಂತೆ ಕಾದಿತ್ತು.

"ನಿಜ ಹೇಳು. ನಾನು ಹರಕೆ ಹೊತ್ತಿದೀನಿ ಅಂತ ನೀನು ನಂಬಿದ್ಯಾ?"

"ನಾನ್ಯಾಕೆ ನಂಬಲಿ. ಅವತ್ತು ನಾಮಾನ ತಲೆಕೆಳಗಾಗಿ ಎಳಕೊಂಡಿದ್ರಿ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಚ್ಚಿಬಿಡ್ತಿದ್ರಿ. ಬೆಟ್ಟಕ್ಕೆ ಕೂಡಿಡಿ ಅಂದ್ರೆ ಕಾಸಿಲ್ಲ ಅಂತಿದ್ದೋರು, ನೀವಾಗೇ ಗಂಟು ಕಟ್ಟಿದ್ರಿ. ಕಟ್ಟಿದ ಮೇಲೆ ಬೆಟ್ಟ ಹತ್ತದೆ ಎಲ್ಲಿಗೆ ಹೋಗ್ತೀರಾ."

ಮೇಷ್ಟ್ರು ಪಂಚೆಯ ಚುಂಗನ್ನು ಬೋಳುತಲೆಯ ಮೇಲೆ ಎಳೆದುಕೊಂಡರು. "ದಾರಿ ಖರ್ಚಿನ ದುಡ್ಡು ಎಲ್ಲಿಂದ ಬಂತು?"

"ಭಾನುವಾರದ್ದು. ಬಾಡು ತರೋಕೆ ಅಂತ ಮನೆ ಖರ್ಚಿನಲ್ಲಿ ವಾರಕ್ಕೆ ಮೂರಾಣೆ ಕೊಡ್ತಿದ್ರಲ್ಲ. ಬಾಡು ನಿಂತ ಮೇಲೆ ನೀವು ಅದನ್ನ ಕೇಳಲೇ ಇಲ್ಲ, ತೊಲೆ ನೋಡ್ಕೊಂಡು ಕೂತ್ರಿ. ಮುಡುಪಿನ ಮನೇಲಿ ಬಾಡು ಬೇಯಬಾರದು ಅಂತ ಅತ್ತೆಗೆ ಹೇಳಿಕೊಟ್ಟೋಳು ನಾನೇ."

"ಹದಿನಾರು ತಿಂಗಳು" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಅರವತ್ತೊಂಬತ್ತು ಭಾನುವಾರಗಳ ಹಸಿವಿತ್ತು. "ನಿನಗೆ ಕಷ್ಟ ಆಗಲಿಲ್ವಾ?"

"ಏನು ಕಷ್ಟ? ನೀವು, ಅತ್ತೆ, ಬಂದೋರು ಹೋದೋರು ಉಂಡ ಮೇಲೆ ನನ್ನ ಪಾಲಿಗೆ ಬರ್ತಿದ್ದದ್ದು ತಳದ ಸಾರು. ಸಾರು ಈಗಲೂ ಮಾಡ್ತೀನಿ, ಹುರುಳಿಕಾಳಿಂದು."

ಮೇಷ್ಟ್ರು ಕಲ್ಲು, ಪೂಜಾರಿ, ಮೌಢ್ಯ, ಬ್ರಿಟಿಷರು ನಾಲ್ವರನ್ನೂ ಮನಸ್ಸಿನಲ್ಲಿ ಕರೆದು ನೋಡಿದರು. ಯಾರೂ ನೆರವಿಗೆ ಬರಲಿಲ್ಲ. ಕಡೆಗೆ ತಗ್ಗಿದ ದನಿಯಲ್ಲಿ ಕೇಳಿದರು:

"ಏನಾದ್ರೂ ಮಿಕ್ಕಿದೆಯಾ?"

"ಒಂದು ರೂಪಾಯಿ ಮೂರಾಣೆ." ವೆಂಕಟರತ್ನಮ್ಮ ದೊನ್ನೆಯನ್ನು ಪೊದೆಯೊಳಕ್ಕೆ ಎಸೆದು, ಸೆರಗು ಕೊಡವಿಕೊಂಡು ಎದ್ದಳು. "ಬಾಡಿನ ಆಸೆ ಇಟ್ಕೋಬೇಡಿ. ಕಾಶಿ ಬಲು ದೂರ ಅಂತೆ."